ಭಂಡಾರ ಹಚ್ಚಿಕೊಂಡು ಬಂದ ಮಗು

ಬನದ ಹುಣ್ಣಿಮೆಯ ಜಾತ್ರೆ ಮುಗಿದ ವಾರ ಸವದತ್ತಿ ಸೀಮೆಯ ಯಾವ ಸಾಲಿಗೆ ಹೋದರೂ ಹಣೆ ತುಂಬ ಭಂಡಾರ ಹಚ್ಚಿಕೊಂಡ ನಾಲ್ಕಾರು ಮಕ್ಕಳು ಕಾಣುತ್ತಾರೆ. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರು. ಅಂಥ ಒಂದು ವಾರ ನಾನು ಅಲ್ಲಿಯ ಒಂದು ಶಾಲೆಯಲ್ಲಿ ಐದನೆಯ ತರಗತಿಯ ಪಾಠ ನೋಡುತ್ತ ಹಿಂದೆ ಕುಳಿತಿದ್ದೆ. ಗುರುಗಳು ಹಲಗೆಯ ಮೇಲೆ ‘ಶಬ್ದಭಂಡಾರ’ ಎಂದು ಬರೆದು, ಭಂಡಾರ ಅಂದರೇನು ಎಂದು ಕೇಳಿದರು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಎದ್ದು, “ಅರಿಷಿಣ ರೀ ಸರ, ಎಲ್ಲವ್ವಗ ಹಾರಸ್ತಾರಲ್ರಿ” ಎಂದಳು. ಅವಳ ಹಣೆಯ ಮೇಲೆಯೇ ಅದು ಇತ್ತು. ತರಗತಿ ಗೊಳ್ಳೆಂದು ನಕ್ಕಿತು. “ತಪ್ಪು, ಕೂಡು. ಭಂಡಾರ ಅಂದ್ರ ಖಜಾನೆ” ಎಂದರು ಗುರುಗಳು. ಆಮೇಲೆ ಅರ್ಧ ಗಂಟೆ ಮಿಂಚುಪಟ್ಟಿಗಳ ಆಟ ನಡೆಯಿತು. ಮಕ್ಕಳು ಕೂಗಿದರು, ಚಪ್ಪಾಳೆ ತಟ್ಟಿದರು, ಗುಂಪುಗಳಿಗೆ ಅಂಕ ಬಿದ್ದವು. ಆ ಹುಡುಗಿ ಮತ್ತೆ ಕೈ ಎತ್ತಲಿಲ್ಲ.

ಆ ಗುರುಗಳ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಪಗಾರದ ದುಡ್ಡಿನಲ್ಲಿ ದಪ್ಪ ಹಾಳೆ ತಂದು, ರಾತ್ರಿ ಕೂತು ಆ ಪಟ್ಟಿಗಳನ್ನು ಬರೆದಿದ್ದರು. ಅಷ್ಟು ಕಳಕಳಿಯ ಮನುಷ್ಯ ಮಗುವೊಂದರ ಸರಿಯುತ್ತರವನ್ನು ತಪ್ಪೆಂದದ್ದು ಯಾಕೆ? ಅದರ ಹಿಂದೆ ಒಂದು ನಂಬಿಕೆ ಇದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸಮಾಲೋಚನಾ ಸಭೆಗಳಲ್ಲಿ, ಪಾಲಕರ ಸಭೆಗಳಲ್ಲಿ, ಶಿಕ್ಷಕರ ಕೋಣೆಗಳಲ್ಲಿ ಅದನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತ ಬಂದಿದ್ದೇನೆ. ಹಳ್ಳಿ ಮಕ್ಕಳಿಗೆ ಶಬ್ದಸಂಪತ್ತಿಲ್ಲ. ಮನೆಯಲ್ಲಿ ಓದು ಇಲ್ಲ, ಆಡುವ ಮಾತು ಅಶುದ್ಧ. ಆದ್ದರಿಂದ ಶಬ್ದಗಳನ್ನು ಹೊರಗಿನಿಂದ ತುಂಬಬೇಕು, ತುಂಬುವಾಗ ಬೇಸರವಾಗದಂತೆ ಆಟ, ಹಾಡು, ಚಿತ್ರ, ಮೊಬೈಲ್ ಆ್ಯಪ್ ಬಳಸಬೇಕು. ಈ ಮಾತಿನ ಮೊದಲರ್ಧ ಸುಳ್ಳು. ಸುಳ್ಳಿನ ಮೇಲೆ ನಿಂತದ್ದರಿಂದ ಎರಡನೆಯರ್ಧವೂ ಕೆಲಸಕ್ಕೆ ಬಾರದು.

ಮೊದಲು ಬಡತನದ ಮಾತು. ಹಿರಿಯ ಪ್ರಾಥಮಿಕ ವಿಜ್ಞಾನದಲ್ಲಿ ಪದಾರ್ಥಗಳನ್ನು ಬೇರ್ಪಡಿಸುವ ಪಾಠವೊಂದು ಬರುತ್ತದೆ. ಕಣದಲ್ಲಿ ಸುಗ್ಗಿ ಕಂಡ ಮಕ್ಕಳಿಗೆ ಆ ಪಾಠವನ್ನು ಚಿತ್ರಪಟ ತೋರಿಸಿ, ಹೊಸ ಪದಗಳೆಂದು ಬಾಯಿಪಾಠ ಮಾಡಿಸುವುದನ್ನು ನೋಡಿದ್ದೇನೆ. ಅದೇ ಮಕ್ಕಳ ಮನೆಯಲ್ಲಿ ಕಾಳು-ಹೊಟ್ಟನ್ನು ಗಾಳಿಗೆ ಹಿಡಿದು ಮೇಲಿಂದ ಸುರಿದರೆ ಅದು ತೂರುವುದು. ಮೊರದಲ್ಲಿ ಹಾಕಿ ಆಡಿಸಿದರೆ ಕೇರುವುದು. ಸಾಣಿಗೆಯಲ್ಲಿ ಹಾಕಿದರೆ ಸಾಣಿಸುವುದು. ನೀರಿನಲ್ಲಿ ತಿರುವಿ ಕಲ್ಲು ಕೆಳಗೆ ಬಿಟ್ಟರೆ ಜಾಲಿಸುವುದು. ಬೆಂದದ್ದರ ನೀರು ಬಗ್ಗಿಸಿ ತೆಗೆದರೆ ಬಸಿಯುವುದು. ಚಹಾ ಆದರೆ ಸೋಸುವುದು. ಎಲ್ಲ ಮುಗಿದು ಕಾಳು ಚೊಕ್ಕಟವಾದರೆ ‘ಹಸನ’ ಆಯಿತು. ಒಂದೊಂದು ಕ್ರಿಯೆಗೂ ಒಂದೊಂದು ಶಬ್ದ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅಜ್ಜಿ ಒಪ್ಪುವುದಿಲ್ಲ. ಗಾಳಿ ಬೇರ್ಪಡಿಸಿತೋ, ತೂಕ ಬೇರ್ಪಡಿಸಿತೋ, ತೂತಿನ ಅಳತೆ ಬೇರ್ಪಡಿಸಿತೋ ಎಂಬ ವಿಜ್ಞಾನ ಆ ಶಬ್ದಗಳ ಒಳಗೇ ಇದೆ. ಈ ಮಗುವನ್ನು ಶಬ್ದಬಡವ ಎಂದು ಕರೆಯುವ ಧೈರ್ಯ ನಮಗೆ ಹೇಗೆ ಬಂತು?

ಮಣ್ಣಿನ ಪಾಠವೂ ಹೀಗೆಯೇ. ಎರಿ, ಮಸಾರಿ, ಮಡ್ಡಿ ಎಂಬ ಮೂರು ಮಾತಿನಲ್ಲಿ ಒಂದು ಹೊಲದ ಬಣ್ಣ, ಅದು ನೀರು ಹಿಡಿಯುವ ಶಕ್ತಿ, ಅಲ್ಲಿ ಬರುವ ಬೆಳೆ ಎಲ್ಲವೂ ಅಡಗಿವೆ. ‘ಹದ’ ಎಂಬ ಎರಡಕ್ಷರದ ತೂಕವನ್ನು ನೋಡಿರಿ. ಬಿತ್ತಿಗೆಗೆ ಬೇಕಾದಷ್ಟೇ ಹಸಿ ಇದ್ದ ನೆಲಕ್ಕೂ ಹದ, ಬೆಲ್ಲದ ಪಾಕಕ್ಕೂ ಹದ, ಮಾತಿಗೂ ಹದ. ಇಂಥ ಶಬ್ದವನ್ನು ಆರು ವರ್ಷದ ಮಗು ಮೂರು ಅರ್ಥದಲ್ಲಿ ಕೇಳಿ ಸಾಲಿಗೆ ಬಂದಿರುತ್ತದೆ. ಕೂರಿಗೆ, ಕುಂಟೆ, ಎಡೆಕುಂಟೆ, ಮಿಣಿ, ಬಾರಕೋಲು, ಕಣಿಕೆ, ಬಣವೆ ಎಂದು ನಾನು ಪಟ್ಟಿ ಮಾಡುತ್ತ ಹೋದರೆ ಈ ಲೇಖನ ಮುಗಿಯುವುದಿಲ್ಲ.

ರಾಮದುರ್ಗ, ಸುರೇಬಾನದ ಮಗ್ಗದ ಮನೆಗೆ ಹೋಗೋಣ. ಪಠ್ಯದಲ್ಲಿ ‘ಹಾಸುಹೊಕ್ಕಾಗಿದೆ’ ಎಂಬ ಮಾತು ಬಂದಾಗ ಕೆಳಗೆ ‘ವ್ಯಾಪಿಸಿದೆ’ ಎಂದು ಅರ್ಥ ಕೊಡುತ್ತಾರೆ. ಮಗು ಅದನ್ನು ಗಟ್ಟಿ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಮರೆಯುತ್ತದೆ. ಆದರೆ ಅದರ ಮನೆಯಲ್ಲಿಯೇ ಉದ್ದಕ್ಕೆ ಹಾಸು ಬಿಗಿದು ನಿಂತಿದೆ. ಕಂಡಿಕೆ ತುಂಬಿದ ಲಾಳಿ ಅಡ್ಡಡ್ಡ ಓಡಿ ಹೊಕ್ಕು ಹಾಕುತ್ತಿದೆ. ಹಾಸಿನಿಂದ ಹೊಕ್ಕನ್ನು ಬಿಡಿಸಿ ತೆಗೆದರೆ ಬಟ್ಟೆಯೇ ಇಲ್ಲ ಎಂಬುದು ಆ ಮಗುವಿಗೆ ಕೈಗಂಟಿದ ತಿಳಿವಳಿಕೆ. ಈ ನುಡಿಗಟ್ಟನ್ನು ತರಗತಿಗೆ ಕಲಿಸಬಲ್ಲ ಮನುಷ್ಯ ಆ ನೇಕಾರನ ಮಗ. ‘ವ್ಯಾಪಿಸಿದೆ’ ಎಂಬ ಟಿಪ್ಪಣಿ ಬರೆದವರಿಗಿಂತ ಅವನು ಹೆಚ್ಚು ಬಲ್ಲ, ಯಾಕೆಂದರೆ ವ್ಯಾಪಿಸುವುದು ಹಾಸುಹೊಕ್ಕಾಗುವುದಲ್ಲ. ಹೊಗೆ ವ್ಯಾಪಿಸುತ್ತದೆ, ಬಿಡಿಸಲಾಗದಂತೆ ಹೆಣೆದುಕೊಂಡದ್ದು ಮಾತ್ರ ಹಾಸುಹೊಕ್ಕು.

ಬೈಲಹೊಂಗಲದ ಹತ್ತಿ ಪೇಟೆಯ ಹುಡುಗನಿಗೆ ‘ಸವಾಲು’ ಎಂದರೆ ಮೊದಲು ಲಿಲಾವು. ಪಠ್ಯದಲ್ಲಿ ಸವಾಲು ಎಂದರೆ ಪಂಥಾಹ್ವಾನ. ಒಕ್ಕಲಿಗರ ಮನೆಯ ಹುಡುಗನಿಗೆ ‘ಲಾವಣಿ’ ಎಂದರೆ ಬೇರೆಯವರ ಹೊಲವನ್ನು ವರ್ಷಕ್ಕಿಷ್ಟು ಎಂದು ಮಾಡಿಕೊಂಡದ್ದು. ಪಠ್ಯದಲ್ಲಿ ಲಾವಣಿ ಎಂದರೆ ಹಾಡು. ಹೊಲದ ವಿಷಯ ಬಂದಾಗ ಅದು ‘ಗೇಣಿ’. ಹುಡುಗ ಎರಡರಲ್ಲೂ ತಪ್ಪಿದ ಎಂದು ನಾವು ಗುರುತು ಹಾಕುತ್ತೇವೆ. ಒಂದೇ ಶಬ್ದಕ್ಕೆ ಎರಡು ಅರ್ಥ, ಒಂದೇ ಅರ್ಥಕ್ಕೆ ಎರಡು ಶಬ್ದ ಎಂಬುದು ಭಾಷೆಯ ಪಾಠದಲ್ಲೇ ಬಹು ದೊಡ್ಡ ಪಾಠ. ಅದು ತಾನಾಗಿ ತರಗತಿಯ ಬಾಗಿಲಿಗೆ ಬಂದು ನಿಂತಾಗ ನಾವು ಕೆಂಪು ಪೆನ್ನು ಎತ್ತುತ್ತೇವೆ.

ನಾನೂ ಆ ಕೆಂಪು ಪೆನ್ನು ಕಂಡವನು. ಚಿಕ್ಕವನಿದ್ದಾಗ ಪ್ರಬಂಧದಲ್ಲಿ ‘ಅವ್ವನ ಹ್ವಾರೆ ಮುಗಿಯುವುದೇ ಇಲ್ಲ’ ಎಂದು ಬರೆದಿದ್ದೆ. ‘ಹ್ವಾರೆ’ಯನ್ನು ಹೊಡೆದು ‘ಕೆಲಸ’ ಎಂದು ತಿದ್ದಿದರು. ಕಸ, ನೀರು, ಸಗಣಿ, ರೊಟ್ಟಿ, ಮುಸುರೆ ಎಂದು ನಸುಕಿನಿಂದ ರಾತ್ರಿಯವರೆಗೆ ಮುಗಿಯದ ಅವ್ವನ ದುಡಿತ ‘ಕೆಲಸ’ದಲ್ಲಿ ಇಲ್ಲ. ಅಪ್ಪ ಕಚೇರಿಯಲ್ಲಿ ಮಾಡುವುದೂ ಕೆಲಸವೇ. ಆ ದಿನದಿಂದ ನಾನು ಅವ್ವನ ಬಗ್ಗೆ ಬರೆಯುವುದನ್ನು ಬಿಟ್ಟು, ಗೋವು ಸಾಧುಪ್ರಾಣಿ ಎಂದು ಬರೆದು ಒಳ್ಳೆಯ ಗುಣ ತೆಗೆದುಕೊಂಡೆ.

ಈ ಸೀಮೆಯ ಮಾತು ಅಶುದ್ಧ ಎಂಬ ತೀರ್ಪು ಎಲ್ಲಿಂದ ಬಂತು? ಕನ್ನಡದ ಇತಿಹಾಸವಂತೂ ಅದನ್ನು ಕೊಟ್ಟಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿಯದು ಎಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮೊದಲ ಮೂರು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ನಾಲ್ಕನೆಯದು ಬೈಲಹೊಂಗಲ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗಿರುವ ಒಕ್ಕುಂದ, ಈಗ ವಕ್ಕುಂದ ಎಂದು ಬರೆಯುವ ಹಳ್ಳಿ. ತಿರುಳ್ಗನ್ನಡದ ನಾಡಿನ ಒಂದು ಗಡಿಗಲ್ಲು ಈ ತಾಲೂಕಿನಲ್ಲಿದೆ. ಆ ನಾಡಿನ ಮಗುವಿಗೆ ಇಂದು, ನಿನ್ನ ಕನ್ನಡ ಕನ್ನಡವೇ ಅಲ್ಲ ಎಂದು ಹೇಳುತ್ತಿದ್ದೇವೆ.

ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು ತೆಗೆಯಿರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಶಬ್ದಗಳ ಆ ಗ್ರಂಥದಲ್ಲಿ ಬರಿಯ ಕಾವ್ಯದ ಮಾತಿಲ್ಲ. ಅಂದಿನ ದಕ್ಷಿಣ ಮರಾಠಾ ಸೀಮೆಯ, ಅಂದರೆ ಧಾರವಾಡ-ಬೆಳಗಾವಿ ಕಡೆಯ ಜನರ ಬಾಯಿಮಾತಿಗೆ ಪ್ರತ್ಯೇಕ ಗುರುತು ಹಾಕಿ ಗೌರವದಿಂದ ಸೇರಿಸಿದ್ದಾರೆ. ಜರ್ಮನಿಯಿಂದ ಬಂದ ಪಾದ್ರಿ ಈ ಊರುಗಳ ಶಬ್ದಗಳನ್ನು ನಿಘಂಟಿಗೆ ತಕ್ಕವೆಂದು ಕಂಡು ನೂರಮೂವತ್ತು ವರ್ಷ ಆದವು. ನಮ್ಮ ಮೌಲ್ಯಮಾಪನಕ್ಕೆ ಅವು ಇನ್ನೂ ದೋಷಗಳು. ಮುಂಬಯಿ ಆಡಳಿತದ ಕಾಲದಲ್ಲಿ ಈ ಭಾಗದ ಕನ್ನಡ ಮಕ್ಕಳಿಗೂ ಮರಾಠಿ ಶಾಲೆಗಳೇ ಗತಿಯಾಗಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರಂಥವರು ಹೋರಾಡಿ ಕನ್ನಡ ಶಾಲೆ ತಂದುಕೊಟ್ಟರು. ಮಗುವಿಗೆ ತಿಳಿಯುವ ಮಾತಿನಲ್ಲಿ ಕಲಿಕೆ ಎಂಬುದೇ ಆ ಹೋರಾಟದ ಅರ್ಥ. ಶಾಲೆಯ ಫಲಕದ ಮೇಲೆ ಕನ್ನಡ ಎಂದು ಬರೆದು ಒಳಗೆ ಮಗುವಿನ ಕನ್ನಡಕ್ಕೆ ಜಾಗ ಕೊಡದಿದ್ದರೆ ಆ ಹೋರಾಟವನ್ನು ನಾವೇ ಅರ್ಧಕ್ಕೆ ನಿಲ್ಲಿಸಿದಂತೆ.

ಬಡವರ ಮಕ್ಕಳಿಗೆ ಶಬ್ದ ಕಡಿಮೆ ಎಂಬ ಮಾತಿಗೆ ವಿಜ್ಞಾನದ ಬಲವಿದೆ ಎನ್ನುವವರೂ ಇದ್ದಾರೆ. ಆ ಬಲದ ಬೇರು ಅಮೆರಿಕದ ಕಾನ್ಸಾಸ್‌ನಲ್ಲಿದೆ. ಹಾರ್ಟ್ ಮತ್ತು ರಿಸ್ಲಿ ಎಂಬ ಇಬ್ಬರು ಅಲ್ಲಿಯ 42 ಕುಟುಂಬಗಳ ಮಾತುಗಳನ್ನು ಧ್ವನಿಮುದ್ರಿಸಿ, ಬಡ ಮಗು ನಾಲ್ಕು ವರ್ಷ ತುಂಬುವುದರೊಳಗೆ ಮೂರು ಕೋಟಿ ಶಬ್ದಗಳಷ್ಟು ಕಡಿಮೆ ಕೇಳಿರುತ್ತದೆ ಎಂದು 1995ರಲ್ಲಿ ಬರೆದರು. ಆ 42ರಲ್ಲಿ ಸರಕಾರಿ ನೆರವಿನ ಮೇಲೆ ಬದುಕುವ ಕುಟುಂಬಗಳು ಆರೇ ಆರು. ಅವರು ಎಣಿಸಿದ್ದು ಹೆತ್ತವರು ನೇರವಾಗಿ ಮಗುವಿಗೆ ಆಡಿದ ಮಾತನ್ನು. 2019ರಲ್ಲಿ ಸ್ಪೆರಿ ಮತ್ತು ಸಂಗಡಿಗರು ಮನೆಯ ಇತರರು ಆಡಿದ್ದನ್ನೂ ಮಗುವಿನ ಕಿವಿಗೆ ಬಿದ್ದ ಸುತ್ತಲಿನ ಮಾತನ್ನೂ ಸೇರಿಸಿ ಎಣಿಸಿದಾಗ ಆ ಕಂದರ ಉಳಿಯಲಿಲ್ಲ. ನಮ್ಮ ಮನೆಗಳನ್ನು ನೆನೆಯಿರಿ: ಅಜ್ಜ, ಆಯಿ, ಕಾಕಾ, ಚಿಗವ್ವ, ಕಟ್ಟೆಯ ಮೇಲೆ ನಾಲ್ಕು ಮಂದಿ, ಕಳೆ ತೆಗೆಯುವಲ್ಲಿ ಹತ್ತು ಹೆಣ್ಣುಮಕ್ಕಳು. ಬೈಲಹೊಂಗಲದಲ್ಲಿಯೇ ನಡೆದ ಕಥೆಯೆಂದು ಜನ ನೆನೆಯುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಇಡೀ ರಾತ್ರಿ ಕೂತು ನೋಡಿದ ಮಂದಿ ಇವರು. ಒಂದು ಮಗುವಿಗೆ ಒಬ್ಬ ತಾಯಿ ಪುಸ್ತಕ ಓದಿ ಹೇಳುವ ಮನೆಯ ಅಳತೆಗೋಲನ್ನು ಇಲ್ಲಿ ಹಿಡಿದು, ಇಲ್ಲಿ ಮಾತಿಲ್ಲ ಎಂದು ಬರೆದುಕೊಳ್ಳುವುದು ಅನ್ಯಾಯ.

ಈಗ ಆಟಗಳ ವಿಷಯ. ಆಟದ ಮೇಲೆ ನನಗೆ ದ್ವೇಷವಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ಯನ್ನು ಗೌರವಿಸುತ್ತೇನೆ, ಹೆದರಿಕೆಯ ಕೋಣೆಯಿಂದ ಸಣ್ಣ ಮಕ್ಕಳನ್ನು ಬಿಡಿಸಿದ ಪ್ರಯತ್ನ ಅದು. ಆದರೆ ಶಬ್ದ ಕಲಿಸುವುದೆಂದರೆ ಸಂತೋಷಪಡಿಸುವುದು ಎಂದು ನಾವು ಅದನ್ನು ಅರ್ಥ ಮಾಡಿಕೊಂಡೆವು. ಶಬ್ದದ ಅಂತ್ಯಾಕ್ಷರಿಯಲ್ಲಿ ಯಾರು ಗೆಲ್ಲುತ್ತಾರೆ? ಮೊದಲೇ ಶಬ್ದ ಗೊತ್ತಿದ್ದವರು. ಗೊತ್ತಿಲ್ಲದವರು ಚಪ್ಪಾಳೆ ತಟ್ಟುತ್ತಾರೆ. ಪದಬಂಧ, ಚಿತ್ರ ನೋಡಿ ಹೆಸರಿಸುವುದು, ಅಂಕದ ಪೈಪೋಟಿ, ಇವೆಲ್ಲ ಯಾರಿಗೆ ಏನು ಬರುತ್ತದೆ ಎಂದು ತೋರಿಸುತ್ತವೆ. ಬರದ ಮಗುವಿಗೆ ಬರುವಂತೆ ಮಾಡುವ ಕೆಲಸ ಅವುಗಳ ಹೊರಗೆ ಉಳಿಯುತ್ತದೆ.

ಇನ್ನೊಂದು ದೋಷ ಹೆಚ್ಚು ಆಳದ್ದು. ಚಿತ್ರದ ಪಟ್ಟಿಗೆ ಸಿಗುವುದು ಆನೆ, ಕೊಡೆ, ಬಸ್ಸು, ಗುಲಾಬಿ. ನಮ್ಮ ಮಕ್ಕಳು ಮುಗ್ಗರಿಸುವುದು ಆ ಶಬ್ದಗಳಲ್ಲಿ ಅಲ್ಲವೇ ಅಲ್ಲ. ‘ಪರಿಣಾಮ’, ‘ಅನುಪಾತ’, ‘ಹೊರತುಪಡಿಸಿ’, ‘ಶಿಥಿಲೀಕರಣ’, ‘ಸಾರ್ವಭೌಮ’, ‘ಆದಾಗ್ಯೂ’ ಎಂಬಲ್ಲಿ ಮುಗ್ಗರಿಸುತ್ತಾರೆ. ಗಣಿತದ ಲೆಕ್ಕದಲ್ಲಿ ‘ಕ್ರಮವಾಗಿ’ ಎಂಬ ಒಂದು ಶಬ್ದ ತಿಳಿಯದೆ ಹತ್ತನೆಯ ತರಗತಿಯ ಹುಡುಗ ಅಂಕ ಕಳೆದುಕೊಂಡದ್ದನ್ನು ನಾನು ಬಲ್ಲೆ. ಇವಕ್ಕೆ ಚಿತ್ರ ಇಲ್ಲ, ಆದ್ದರಿಂದ ಆಟದಲ್ಲಿ ಜಾಗವಿಲ್ಲ. ಸುಲಭವಾದುದನ್ನು ಹಬ್ಬ ಮಾಡಿ ಕಲಿಸಿ, ಕಷ್ಟವಾದುದನ್ನು ಪಾಠದ ಕೊನೆಯ ‘ಪದಗಳ ಅರ್ಥ’ಕ್ಕೆ ಬಿಟ್ಟುಬಿಟ್ಟಿದ್ದೇವೆ.

ಶಬ್ದ ಮಗುವಿನದಾಗುವುದು ಅದಕ್ಕೆ ಆ ಶಬ್ದದ ಗರಜು ಬಿದ್ದಾಗ, ಮತ್ತು ಬೇರೆ ಬೇರೆ ವಾಕ್ಯಗಳಲ್ಲಿ ಅದು ಮತ್ತೆ ಮತ್ತೆ ಎದುರಾದಾಗ. 2019ರ ಆಗಸ್ಟ್ ನೆನೆಯಿರಿ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿದಾಗ ಮುನವಳ್ಳಿಯಲ್ಲಿ, ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ಜನ ಮನೆ ಬಿಟ್ಟು ಹೊರಬಿದ್ದರು. ಮಕ್ಕಳಿಗೆ ಮೊದಲು ಗೊತ್ತಿದ್ದದ್ದು ‘ಹೊಳಿ ಬಂತು’ ಎಂಬ ಮಾತು. ಸಂತ್ರಸ್ತ, ಪರಿಹಾರ, ಸರ್ವೆ, ಅರ್ಜಿ, ಪುನರ್ವಸತಿ ಎಂಬ ಕಚೇರಿಯ ಶಬ್ದಗಳನ್ನು ಅವರು ಆ ಮಳೆಗಾಲದಲ್ಲಿ ಕಲಿತರು. ಯಾರೂ ಪಟ್ಟಿ ತೋರಿಸಿ ಕಲಿಸಲಿಲ್ಲ. ಅಪ್ಪನಿಗೆ ಅರ್ಜಿ ಓದಿ ಹೇಳಬೇಕಾಗಿತ್ತು, ಅದಕ್ಕೆ ಕಲಿತರು. ‘ಹೊಳಿ ಬಂತು’ ಎಂಬುದನ್ನು ಯಾರೂ ಅವರಿಂದ ಕಿತ್ತುಕೊಳ್ಳದೆ ‘ಪ್ರವಾಹ’ ಅದರ ಪಕ್ಕಕ್ಕೆ ಬಂದು ಕೂತಿತು.

ಹೊರಗಿನ ನಾಡುಗಳಲ್ಲಿ ಇದನ್ನು ಅರಿತು ಕಲಿಸಿದವರಿದ್ದಾರೆ. ಪಾವ್ಲೊ ಫ್ರೇರೆ 1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್‌ನಲ್ಲಿ ಸುಮಾರು 300 ಕೂಲಿಕಾರರಿಗೆ ಓದು ಕಲಿಸುವ ಮೊದಲು ಅವರ ಬಾಯಲ್ಲಿದ್ದ ಶಬ್ದಗಳನ್ನು ಸಂಗ್ರಹಿಸಿ, ಅವುಗಳಿಂದಲೇ ಪಾಠ ಕಟ್ಟಿದರು. ನ್ಯೂಜಿಲೆಂಡ್‌ನಲ್ಲಿ ಮಾವೋರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆ್ಯಷ್ಟನ್-ವಾರ್ನರ್ ಕಾರ್ಡುಗಳನ್ನೇ ಬಳಸಿದರು. ಆದರೆ ಕಾರ್ಡಿನ ಮೇಲೆ ಏನು ಬರೆಯಬೇಕೆಂದು ಹೇಳುತ್ತಿದ್ದುದು ಮಗು. ತನಗೆ ಬೇಕಾದ, ತಾನು ಹೆದರುವ, ತಾನು ಪ್ರೀತಿಸುವ ಶಬ್ದವನ್ನು ಮಗು ಹೇಳಬೇಕು, ಗುರು ಬರೆದು ಅದರ ಕೈಗೆ ಕೊಡಬೇಕು. ಹಾಗೆ ಕೊಟ್ಟ ಕಾರ್ಡನ್ನು ನಾನೂ ಒಪ್ಪುತ್ತೇನೆ.

ಎದುರಿನ ವಾದ ನನಗೆ ಗೊತ್ತು. ಮನೆಮಾತನ್ನೇ ಹಿಡಿದು ಕೂತರೆ ಎಸ್.ಎಸ್.ಎಲ್.ಸಿ. ಬರೆಯುವುದು ಹೇಗೆ, ಬೆಂಗಳೂರಿಗೆ ಹೋದರೆ ನಗುವುದಿಲ್ಲವೇ, ಇಂಗ್ಲಿಷ್ ಬೇಡವೇ ಎಂದು ಕೇಳುತ್ತಾರೆ. ಪಾಲಕರ ಈ ಹೆದರಿಕೆ ಹಗುರವಾದುದಲ್ಲ. ಗ್ರಾಂಥಿಕ ಕನ್ನಡ ಕಲಿಸಲೇಬೇಕು, ಈಗ ಕಲಿಸುತ್ತಿರುವುದಕ್ಕಿಂತ ಗಟ್ಟಿಯಾಗಿ ಕಲಿಸಬೇಕು. ನನ್ನ ತಕರಾರು ದಾರಿಯ ಬಗ್ಗೆ. ‘ಗ್ರಾಂಥಿಕ ರೂಪ ಬರೆಯಿರಿ’ ಎಂಬ ಅಭ್ಯಾಸವನ್ನು ಮಕ್ಕಳಿಂದ ಮಾಡಿಸುತ್ತೇವೆ. ಗ್ರಾಂಥಿಕ ಶಬ್ದ ಕೊಟ್ಟು ನಿಮ್ಮೂರಲ್ಲಿ ಇದಕ್ಕೇನಂತಾರೆ ಎಂದು ಎಂದೂ ಕೇಳುವುದಿಲ್ಲ. ಹೋಗುವ ದಾರಿ ಇದ್ದು ಬರುವ ದಾರಿ ಇಲ್ಲದ ಸೇತುವೆ ಅದು. ಇಂಗ್ಲಿಷಂತೂ 2007ರಿಂದಲೇ ಒಂದನೆಯ ತರಗತಿಗೆ ಬಂದಿದೆ. ತೂರುವುದಕ್ಕೂ ಕೇರುವುದಕ್ಕೂ ಇರುವ ಭೇದ ಬಲ್ಲ ಮಗುವಿಗೆ ‘ವಿನ್ನೋಯಿಂಗ್’ ಎಂಬುದು ಬರಿಯ ಹೊಸ ಹೆಸರು. ಮೊದಲ ಮಾತೇ ತಪ್ಪು ಎಂದು ಕೇಳಿ ಬಾಯಿ ಮುಚ್ಚಿಕೊಂಡ ಮಗುವಿಗೆ ಎರಡನೆಯ ಭಾಷೆಯೂ ಬರುವುದಿಲ್ಲ, ಮೂರನೆಯದೂ ಬರುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮನೆಮಾತಿನಲ್ಲಿ ಕಲಿಸಬೇಕು ಎನ್ನುತ್ತದೆ. ಆದರೆ ಕಚೇರಿಯ ಕಾಗದದಲ್ಲಿ ಮನೆಮಾತು ಎಂದರೆ ಕನ್ನಡ, ಮರಾಠಿ, ಉರ್ದು ಎಂಬ ಹೆಸರಷ್ಟೇ. ಅವ್ವ ಆಡುವ ಕನ್ನಡಕ್ಕೆ ಅದರಲ್ಲಿ ಕಾಲಂ ಇಲ್ಲ. ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ, ಮನೆಯಲ್ಲಿ ಉರ್ದು ಆಡುವ ಮಗುವಿಗೆ ಈ ದೂರ ಇನ್ನೂ ಹೆಚ್ಚು, ನಮ್ಮ ಹೊಣೆಯೂ ಹೆಚ್ಚು.

ಮಾಡಬೇಕಾದದ್ದು ದುಬಾರಿಯದಲ್ಲ. ಹಲಗೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಒಂದು ಕಡೆ ಮನೆಯ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು. ಯಾವುದನ್ನೂ ಅಳಿಸಬೇಡಿ. ಯಾವುದನ್ನು ಎಲ್ಲಿ ಆಡಬೇಕು, ಎಲ್ಲಿ ಬರೆಯಬೇಕು ಎಂದು ಮಕ್ಕಳೊಡನೆ ಮಾತಾಡಿರಿ. ಓಡು-ಓಟ, ನೋಡು-ನೋಟ, ಕೂಡು-ಕೂಟ ಎಂದು ಎರಡು ತೋರಿಸಿದರೆ ಮೂರನೆಯದನ್ನು ಮಗುವೇ ಕಟ್ಟುತ್ತದೆ. ನೇಯು ಎಂದರೆ ನೇಯ್ಗೆ, ನೇಕಾರ ಎಂದು ಬೆಳೆಸುತ್ತದೆ. ಹೀಗೆ ಒಂದು ಬೇರು ಹಿಡಿದರೆ ಹತ್ತು ಶಬ್ದ ಬರುತ್ತವೆ. ದಿನಕ್ಕೊಂದು ಪದ ಬರೆದು ಅಳಿಸುವ ಫಲಕದಿಂದ ಇದು ಆಗದು. ವಾರಕ್ಕೊಮ್ಮೆ ಒಬ್ಬ ಆಯಿಯನ್ನು, ಒಬ್ಬ ನೇಕಾರನನ್ನು, ಒಬ್ಬ ಹಮಾಲನನ್ನು ಸಾಲಿಗೆ ಕರೆಯಿರಿ. ಮಕ್ಕಳು ಪ್ರಶ್ನೆ ಕೇಳಲಿ, ಕೇಳಿದ್ದನ್ನು ಬರೆಯಲಿ. ಒಡಪು ಹೇಳಲಿ, ಬಿಡಿಸಲಿ. ಶಬ್ದವನ್ನು ಸುತ್ತಿ ಬಳಸಿ ಯೋಚಿಸುವ ಆಟ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ‘ಪರಿಣಾಮ’ವನ್ನು ಮಳೆ ತಪ್ಪಿದ ವರ್ಷದ ಮಾತಿನಲ್ಲಿ, ‘ಅನುಪಾತ’ವನ್ನು ಪಾಲಿಗೆ ಮಾಡಿದ ಹೊಲದ ರಾಶಿ ಹಂಚುವ ಮಾತಿನಲ್ಲಿ ಕಲಿಸಿರಿ. ಒಂದು ತಿಂಗಳು ಆ ಶಬ್ದವನ್ನು ಬಿಡಬೇಡಿರಿ. ಮಕ್ಕಳ ವಾಕ್ಯದಲ್ಲಿ ತಾನಾಗಿ ಬರುವವರೆಗೆ ಹಿಂದೆ ಬೀಳಿರಿ.

ಈ ನಾಲ್ಕು ತಾಲೂಕುಗಳ ಗುರುಗಳಲ್ಲಿ, ಅಕ್ಕೋರಲ್ಲಿ ನನ್ನದೊಂದು ಬೇಡಿಕೆ. ಬರುವ ಬನದ ಹುಣ್ಣಿಮೆಯ ಮರುವಾರ ತರಗತಿಯಲ್ಲಿ ಭಂಡಾರ ಅಂದರೇನು ಎಂದು ಕೇಳಿರಿ. ಹಣೆಗೆ ಹಚ್ಚಿಕೊಂಡು ಬಂದ ಹುಡುಗಿ ಅರಿಷಿಣ ಎಂದರೆ, ಹೌದವ್ವ, ಸರಿ ಹೇಳಿದಿ ಎನ್ನಿರಿ. ಖಜಾನೆಯ ಮಾತನ್ನು ಆಮೇಲೆ ಹೇಳಿರಿ.